ಲ್ಯಾಪ್‌ಟಾಪ್‌ನಲ್ಲೇ ಫೈರ್ ಸರ್ವರ್: ಆರೋಗ್ಯ ಮಾಹಿತಿಯ ಎಪಿಐ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕ್ಲಿನಿಕ್, ಲ್ಯಾಬ್, ಆಸ್ಪತ್ರೆಗಳಿಗೆ ಆ್ಯಪ್ ಬರೆಯಲು ಹೊರಟವರು ನನ್ನನ್ನು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ. ಅವನ್ನು ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ. ಕಮಾಂಡ್‌ಗಳನ್ನು ಮಾತಿನಲ್ಲೇ ಹೇಳಿದ್ದೇನೆ, ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಹಾಕಿಕೊಳ್ಳಿ. ಡಾಕರ್ ಅಂದ್ರೆ ಏನು, ಜೇಸನ್ ಹೇಗಿರುತ್ತದೆ ಅನ್ನುವಷ್ಟು ನಿಮಗೆ ಗೊತ್ತಿದ್ದರೆ ಸಾಕು.

ಮೊದಲಿಗೆ, ಫೈರ್ ಅಂದ್ರೆ ಏನು?

ಎಫ್‌ಎಚ್‌ಐಆರ್ ಎಂದು ಬರೆದು ಫೈರ್ ಎಂದು ಓದುತ್ತಾರೆ. ಒಂದು ಆಸ್ಪತ್ರೆಯ ಸಾಫ್ಟ್‌ವೇರ್ ಇನ್ನೊಂದರ ಜೊತೆ ಮಾತಾಡಲು ಎಚ್‌ಎಲ್7 ಸಂಸ್ಥೆ ಮಾಡಿದ ಮಾನದಂಡ ಇದು. ರೋಗಿ ಒಂದು ರಿಸೋರ್ಸ್, ಅವರ ಬಿಪಿ ರೀಡಿಂಗ್ ಇನ್ನೊಂದು, ಆಸ್ಪತ್ರೆಗೆ ಬಂದು ಹೋದ ಭೇಟಿ ಮತ್ತೊಂದು. ಪ್ರತಿಯೊಂದಕ್ಕೂ ಒಂದು ವಿಳಾಸ ಇರುತ್ತದೆ. ಗೆಟ್, ಪೋಸ್ಟ್, ಪುಟ್, ಡಿಲೀಟ್ ಗೊತ್ತಿದ್ದವರಿಗೆ ಅರ್ಧ ಕೆಲಸ ಮುಗಿದ ಹಾಗೆ.

ಆವೃತ್ತಿಗಳು ಹಲವು ಇವೆ. 2018ರ ಕೊನೆಗೆ ಬಂದ ಆರ್4 ಇವತ್ತಿಗೂ ಜಾಸ್ತಿ ಬಳಕೆಯಲ್ಲಿದೆ. 2023ರಲ್ಲಿ ಆರ್5 ಬಂದಿದ್ದರೂ ನಮ್ಮ ದೇಶದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಆರ್4 ಮೇಲೇ ನಿಂತಿದೆ. ಹಾಗಾಗಿ ಕೆಳಗೆ ಹೇಳುವುದೆಲ್ಲ ಆರ್4 ಬಗ್ಗೆ.

ಇಂಟರ್‌ನೆಟ್‌ನಲ್ಲಿ ಉಚಿತ ಟೆಸ್ಟ್ ಸರ್ವರ್ ಇದೆಯಲ್ಲ, ಲ್ಯಾಪ್‌ಟಾಪ್‌ನಲ್ಲಿ ಯಾಕೆ ಹಾಕಬೇಕು?

ಇದೆ. ಹ್ಯಾಪಿ (ಎಚ್‌ಎಪಿಐ ಎಂದು ಬರೆಯುತ್ತಾರೆ) ಎಂಬ ಫೈರ್ ಸರ್ವರ್ ಮಾಡಿದ ತಂಡದವರೇ ನಡೆಸುವ ಸಾರ್ವಜನಿಕ ಸರ್ವರ್ ಫೈರ್ ಕಲಿಯಲು ತುಂಬಾ ಒಳ್ಳೆಯದು. ಆದರೆ ಅದಕ್ಕೆ ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ಓದಬಹುದು. ನೀವು ಬೆಳಿಗ್ಗೆ ಹಾಕಿದ ರೋಗಿಯನ್ನು ಮಧ್ಯಾಹ್ನ ಬೇರೆ ದೇಶದಲ್ಲಿ ಕೂತ ಇನ್ಯಾರೋ ಅಳಿಸಿರಬಹುದು. ಆಗಾಗ ಇಡೀ ಡೇಟಾ ಒರೆಸಿ ಹಾಕುತ್ತಾರೆ. ಟೆಸ್ಟ್ ಇವತ್ತು ಪಾಸ್, ನಾಳೆ ಫೇಲ್ ಆದರೆ ತಪ್ಪು ನಿಮ್ಮ ಕೋಡ್‌ನದಾ, ಡೇಟಾದ್ದಾ ಅನ್ನೋದೇ ಗೊತ್ತಾಗುವುದಿಲ್ಲ. ನಿಮ್ಮದೇ ಸರ್ವರ್ ಇದ್ದರೆ ಬಸ್ಸಿನಲ್ಲಿ ಕೂತು, ನೆಟ್ ಇಲ್ಲದೆಯೂ ಕೆಲಸ ಮಾಡಬಹುದು.

ಆಸ್ಪತ್ರೆಯವರೇ ನಿಜವಾದ ಡೇಟಾ ಕೊಡ್ತೀವಿ ಅಂತಿದ್ದಾರೆ. ಹೆಸರು ಅಳಿಸಿ ಬಳಸಬಹುದಾ?

ಬೇಡ. ಈ ಪುಟದಲ್ಲಿ ಒಂದೇ ಒಂದು ಉತ್ತರ ಓದಲು ನಿಮಗೆ ಸಮಯ ಇದ್ದರೆ ಇದನ್ನೇ ಓದಿ.

ಹೆಸರು ಅಳಿಸಿದ ಮಾತ್ರಕ್ಕೆ ಗುರುತು ಅಳಿಸುವುದಿಲ್ಲ. 1990ರ ದಶಕದಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಸರ್ಕಾರಿ ನೌಕರರ ಆರೋಗ್ಯ ವಿಮೆಯ ದಾಖಲೆಗಳನ್ನು ಹೆಸರು ತೆಗೆದು ಸಂಶೋಧಕರಿಗೆ ಕೊಟ್ಟಿದ್ದರು. ಆಗ ವಿದ್ಯಾರ್ಥಿನಿಯಾಗಿದ್ದ ಲಟಾನ್ಯ ಸ್ವೀನಿ ಅದನ್ನು ಮತದಾರರ ಪಟ್ಟಿಯ ಪಕ್ಕದಲ್ಲಿಟ್ಟು ನೋಡಿದರು. ಪಿನ್‌ಕೋಡ್, ಹುಟ್ಟಿದ ದಿನ, ಲಿಂಗ ಈ ಮೂರರಿಂದಲೇ ರಾಜ್ಯದ ಗವರ್ನರ್ ವಿಲಿಯಂ ವೆಲ್ಡ್ ಅವರ ದಾಖಲೆ ಸಿಕ್ಕಿಬಿಟ್ಟಿತು. ಅಮೆರಿಕದ ಜನರಲ್ಲಿ ಸುಮಾರು 87 ಶೇಕಡಾ ಮಂದಿಯನ್ನು ಈ ಮೂರೇ ಸಂಗತಿಗಳಿಂದ ಗುರುತಿಸಬಹುದು ಎಂದು ಅವರು ಮುಂದೆ ಲೆಕ್ಕ ಹಾಕಿದರು. ನಮ್ಮ ಹಳ್ಳಿಗಳನ್ನೇ ಯೋಚಿಸಿ. ಒಂದು ಊರಿನಲ್ಲಿ ಡಯಾಲಿಸಿಸ್‌ಗೆ ಹೋಗುವವರು ಒಬ್ಬರೇ ಇದ್ದರೆ, ಊರ ಹೆಸರು ಹೇಳಿದರೆ ಸಾಕು, ಯಾರು ಅಂತ ಎಲ್ಲರಿಗೂ ಗೊತ್ತು.

ನಾನು ಹಿಂದೆ ಕೆಲಸ ಮಾಡಿದ ಒಂದು ಕಡೆ, ಪರೀಕ್ಷೆಗೆಂದು ತಂದ ರೋಗಿಗಳ ಪಟ್ಟಿ ಒಬ್ಬರಿಂದ ಒಬ್ಬರಿಗೆ ಪೆನ್‌ಡ್ರೈವ್‌ನಲ್ಲಿ ಹೋಗಿ, ಕೊನೆಗೆ ಎಷ್ಟು ಕಡೆ ಇದೆ ಅಂತ ಯಾರಿಗೂ ಹೇಳಲಾಗದ ಸ್ಥಿತಿ ಬಂತು. ಕೆಟ್ಟ ಉದ್ದೇಶ ಯಾರಿಗೂ ಇರಲಿಲ್ಲ. ಆದರೆ ಆ ಪಟ್ಟಿಯಲ್ಲಿ ಇದ್ದವರನ್ನು ಯಾರೂ ಒಂದು ಮಾತು ಕೇಳಿರಲಿಲ್ಲ. ಆಮೇಲಿಂದ ನಿಜವಾದ ದಾಖಲೆ ನನ್ನ ಲ್ಯಾಪ್‌ಟಾಪ್‌ಗೆ ಬರಬಾರದು ಅಂತ ತೀರ್ಮಾನ ಮಾಡಿದೆ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ರಕ್ಷಣಾ ಕಾಯ್ದೆಯೂ ಯಾವ ಉದ್ದೇಶಕ್ಕೆ ಒಪ್ಪಿಗೆ ಪಡೆದಿದ್ದೀರೋ ಅದಕ್ಕೆ ಮಾತ್ರ ಬಳಸಿ ಅನ್ನುತ್ತದೆ. ಚಿಕಿತ್ಸೆಗೆ ಬಂದವರು ನಿಮ್ಮ ಆ್ಯಪ್‌ನ ಟೆಸ್ಟಿಂಗ್‌ಗೆ ಒಪ್ಪಿರುವುದಿಲ್ಲ, ಅಲ್ವಾ?

ಸರಿ, ಯಾವ ಸರ್ವರ್ ಹಾಕಿಕೊಳ್ಳಲಿ?

ಹ್ಯಾಪಿ ಫೈರ್. ಜಾವಾದಲ್ಲಿ ಬರೆದದ್ದು, ಅಪಾಚೆ 2.0 ಲೈಸೆನ್ಸ್, ದುಡ್ಡು ಕೊಡಬೇಕಿಲ್ಲ. ಕೆನಡಾದ ಟೊರಾಂಟೊದ ಯೂನಿವರ್ಸಿಟಿ ಹೆಲ್ತ್ ನೆಟ್‌ವರ್ಕ್‌ನಲ್ಲಿ ಶುರುವಾಯಿತು. ನೀವು ಜಾವಾ ಬರೆಯದಿದ್ದರೂ ತೊಂದರೆ ಇಲ್ಲ, ಕಂಟೇನರ್ ಆಗಿ ಓಡಿಸಿದರೆ ಒಳಗಿರುವುದು ಯಾವ ಭಾಷೆ ಎಂಬುದು ಲೆಕ್ಕಕ್ಕೆ ಬರುವುದಿಲ್ಲ. ಮೈಕ್ರೋಸಾಫ್ಟ್‌ನ ಓಪನ್ ಸೋರ್ಸ್ ಸರ್ವರ್, ಮೆಡ್‌ಪ್ಲಮ್, ಬ್ಲೇಜ್ ಕೂಡ ಇವೆ. ಆದರೆ ಮೊದಲ ಸಲಕ್ಕೆ ಹ್ಯಾಪಿ ಸಾಕು, ಅದರಲ್ಲಿ ಬರುವ ಎರರ್‌ಗಳಿಗೆ ನೆಟ್‌ನಲ್ಲಿ ಉತ್ತರ ಸಿಗುವುದು ಸುಲಭ.

ಶುರು ಮಾಡೋದು ಹೇಗೆ?

ಡಾಕರ್ ಹಾಕಿಕೊಳ್ಳಿ. ವಿಂಡೋಸ್‌ನಲ್ಲಾದರೆ ಡಾಕರ್ ಡೆಸ್ಕ್‌ಟಾಪ್, ಡಬ್ಲ್ಯುಎಸ್‌ಎಲ್ 2 ಜೊತೆಗೆ. ಆಮೇಲೆ ಡಾಕರ್ ಹಬ್‌ನಿಂದ ಹ್ಯಾಪಿಪ್ರಾಜೆಕ್ಟ್ ಖಾತೆಯ ಹ್ಯಾಪಿ ಎಂಬ ಇಮೇಜನ್ನು ಇಳಿಸಿಕೊಂಡು, 8080 ಪೋರ್ಟ್ ತೆರೆದು ಓಡಿಸಿ. ಪೋರ್ಟ್ ಕೊಡುವಾಗ ಸುಮ್ನೆ 8080:8080 ಎಂದು ಬರೆಯಬೇಡಿ, 127.0.0.1:8080:8080 ಎಂದು ಬರೆಯಿರಿ. ಮೊದಲಿನ ಹಾಗೆ ಬರೆದರೆ ಅದೇ ವೈಫೈನಲ್ಲಿ ಇರುವ ಎಲ್ಲರಿಗೂ ನಿಮ್ಮ ಸರ್ವರ್ ತೆರೆದುಕೊಳ್ಳಬಹುದು. ಲಿನಕ್ಸ್‌ನಲ್ಲಿ ಯುಎಫ್‌ಡಬ್ಲ್ಯು ಫೈರ್‌ವಾಲ್ ಹಾಕಿದ್ದೇನೆ ಅಂತ ಧೈರ್ಯವಾಗಿ ಇರಬೇಡಿ, ಡಾಕರ್ ತೆರೆಯುವ ಪೋರ್ಟ್ ಅದನ್ನು ದಾಟಿ ಹೋಗುತ್ತದೆ.

ಜಾವಾ ಸರ್ವರ್ ಏಳಲು ಸ್ವಲ್ಪ ಹೊತ್ತು ಬೇಕು. ಲಾಗ್ ನಿಂತ ಮೇಲೆ ಬ್ರೌಸರ್‌ನಲ್ಲಿ ಲೋಕಲ್‌ಹೋಸ್ಟ್, 8080, ಆಮೇಲೆ ಫೈರ್, ಆಮೇಲೆ ಮೆಟಾಡೇಟಾ ಎಂಬ ಹಾದಿ ತೆರೆಯಿರಿ. ಉದ್ದದ ಜೇಸನ್ ಬಂದರೆ ಸರ್ವರ್ ಎದ್ದಿದೆ. ಅದನ್ನು ಮುಚ್ಚಿ ಮುಂದೆ ಹೋಗುವ ಮೊದಲು ಒಮ್ಮೆ ಓದಿ. ಯಾವ ರಿಸೋರ್ಸ್‌ಗಳು ಇವೆ, ಯಾವುದರಲ್ಲಿ ಏನೇನು ಹುಡುಕಬಹುದು ಅಂತ ಸರ್ವರ್ ತಾನೇ ಹೇಳಿಕೊಳ್ಳುವುದು ಅಲ್ಲಿ.

ನಿನ್ನೆ ಹಾಕಿದ ಡೇಟಾ ಇವತ್ತು ಇಲ್ಲ. ಎಲ್ಲಿ ಹೋಯ್ತು?

ನೆನಪಿನಲ್ಲಿ ಇತ್ತು, ಕಂಟೇನರ್ ನಿಂತಾಗ ಹೋಯಿತು. ಹ್ಯಾಪಿ ಸುಮ್ನೆ ಓಡಿಸಿದರೆ ಎಚ್2 ಎಂಬ ಚಿಕ್ಕ ಡೇಟಾಬೇಸನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ. ಉಳಿಯಬೇಕು ಅಂದರೆ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಜೋಡಿಸಿ.

ಡಾಕರ್ ಕಂಪೋಸ್ ಫೈಲ್‌ನಲ್ಲಿ ಎರಡು ಸರ್ವಿಸ್ ಬರೆಯಿರಿ: ಒಂದು ಹ್ಯಾಪಿ, ಒಂದು ಪೋಸ್ಟ್‌ಗ್ರೆಸ್. ಪೋಸ್ಟ್‌ಗ್ರೆಸ್‌ಗೆ ಒಂದು ವಾಲ್ಯೂಮ್ ಕೊಡಿ. ಹ್ಯಾಪಿಗೆ ಸ್ಪ್ರಿಂಗ್ ಡೇಟಾಸೋರ್ಸ್‌ನ ವಿಳಾಸ, ಯೂಸರ್, ಪಾಸ್‌ವರ್ಡ್, ಡ್ರೈವರ್ ಕೊಡಿ. ಜೊತೆಗೆ ಹೈಬರ್ನೇಟ್ ಡಯಲೆಕ್ಟ್ ಜಾಗದಲ್ಲಿ ಹ್ಯಾಪಿಯವರೇ ಪೋಸ್ಟ್‌ಗ್ರೆಸ್‌ಗಾಗಿ ಮಾಡಿದ ಡಯಲೆಕ್ಟ್ ಹೆಸರು ಹಾಕಬೇಕು. ಸಾಮಾನ್ಯವಾಗಿ ಜನ ಮರೆಯುವುದು ಇದನ್ನೇ. ಇನ್ನೊಂದು ತಪ್ಪು ಎಂದರೆ ಡೇಟಾಬೇಸ್ ವಿಳಾಸದಲ್ಲಿ ಲೋಕಲ್‌ಹೋಸ್ಟ್ ಎಂದು ಬರೆಯುವುದು. ಕಂಟೇನರ್ ಒಳಗಿನ ಲೋಕಲ್‌ಹೋಸ್ಟ್ ಎಂದರೆ ಆ ಕಂಟೇನರ್ ಮಾತ್ರ. ಪೋಸ್ಟ್‌ಗ್ರೆಸ್ ಸರ್ವಿಸ್‌ಗೆ ಕಂಪೋಸ್ ಫೈಲ್‌ನಲ್ಲಿ ಏನು ಹೆಸರು ಇಟ್ಟಿದ್ದೀರೋ ಅದೇ ಅದರ ವಿಳಾಸ, ಪೋರ್ಟ್ 5432.

ಕಂಟೇನರ್ ಒಳಗೆ ಹೋಗಿ ನೋಡೋಣ ಅಂದ್ರೆ ಬ್ಯಾಶ್ ಇಲ್ಲ ಅನ್ನುತ್ತೆ.

ನಿಮ್ಮ ತಪ್ಪಲ್ಲ. ಆ ಇಮೇಜ್‌ನಲ್ಲಿ ಶೆಲ್ ಇಲ್ಲ, ಕರ್ಲ್ ಇಲ್ಲ. ಸುರಕ್ಷತೆಗಾಗಿ ಬೇಕಾದಷ್ಟನ್ನೇ ಇಟ್ಟಿದ್ದಾರೆ. ಹಾಗಾಗಿ ಕಂಪೋಸ್‌ನಲ್ಲಿ ಕರ್ಲ್ ಬಳಸಿ ಬರೆದ ಹೆಲ್ತ್‌ಚೆಕ್ ಕೂಡ ಫೇಲ್ ಆಗುತ್ತದೆ. ಮೆಟಾಡೇಟಾ ವಿಳಾಸವನ್ನು ಹೊರಗಿನಿಂದ ತಟ್ಟಿ ನೋಡುವ ಚಿಕ್ಕ ಸ್ಕ್ರಿಪ್ಟ್ ಬರೆದುಕೊಳ್ಳಿ. ಒಳಗೆ ನೋಡಲೇಬೇಕು ಅಂದರೆ ಟಾಮ್‌ಕ್ಯಾಟ್ ಟ್ಯಾಗ್ ಇರುವ ಇಮೇಜ್ ಇದೆ.

ನಿಜವಾದ ಡೇಟಾ ಬೇಡ ಅಂದ್ರಿ. ಹಾಗಾದ್ರೆ ರೋಗಿಗಳು ಎಲ್ಲಿಂದ ಬರಬೇಕು?

ಸಿಂಥಿಯಾದಿಂದ. ಅಮೆರಿಕದ ಮೈಟರ್ ಸಂಸ್ಥೆಯ ಓಪನ್ ಸೋರ್ಸ್ ಪ್ರೋಗ್ರಾಂ ಇದು. ಇಲ್ಲದ ಜನರನ್ನು ಹುಟ್ಟಿಸಿ, ಬೆಳೆಸಿ, ಅವರಿಗೆ ಶೀತ, ಸಕ್ಕರೆ ಕಾಯಿಲೆ, ಮೂಳೆ ಮುರಿತ ಎಲ್ಲ ಕೊಟ್ಟು, ಇಡೀ ಬದುಕಿನ ಆಸ್ಪತ್ರೆ ದಾಖಲೆಯನ್ನು ಫೈರ್ ರೂಪದಲ್ಲಿ ಬರೆದು ಕೊಡುತ್ತದೆ. ಜಾವಾ ಬೇಕು. ರನ್ ಸಿಂಥಿಯಾ ಸ್ಕ್ರಿಪ್ಟ್‌ಗೆ ಮೈನಸ್ ಪಿ ಕೊಟ್ಟು 10 ಎಂದರೆ ಹತ್ತು ಜನ. ಮೈನಸ್ ಎಸ್ ಕೊಟ್ಟು ಒಂದು ಬೀಜಸಂಖ್ಯೆಯನ್ನೂ ಹಾಕಿ, ಮುಂದಿನ ಸಲ ಓಡಿಸಿದಾಗ ಫಲಿತಾಂಶ ಬದಲಾಗದೆ ಉಳಿಯಲು ಅದು ಬೇಕು. ಔಟ್‌ಪುಟ್ ಫೋಲ್ಡರ್‌ನಲ್ಲಿ ಫೈರ್ ಎಂಬ ಒಳಫೋಲ್ಡರ್ ನೋಡಿ, ಒಬ್ಬೊಬ್ಬರಿಗೆ ಒಂದೊಂದು ಫೈಲ್ ಇರುತ್ತದೆ.

ಹೆಸರುಗಳ ಕೊನೆಗೆ ಅಂಕಿ ಅಂಟಿಕೊಂಡಿರುವುದನ್ನು ಕಂಡು ಕೆಲವರು ಬಗ್ ಅಂದುಕೊಳ್ಳುತ್ತಾರೆ. ಇದು ನಿಜವಾದ ಮನುಷ್ಯ ಅಲ್ಲ ಅಂತ ನೋಡಿದ ಕೂಡಲೇ ತಿಳಿಯಲಿ ಎಂದು ಹಾಗೆ ಇಟ್ಟಿದ್ದಾರೆ. ನನಗೆ ಈ ಪದ್ಧತಿ ತುಂಬಾ ಇಷ್ಟ. ನಿಮ್ಮ ಪರೀಕ್ಷಾ ರೋಗಿಗಳಿಗೂ ಹೀಗೊಂದು ಗುರುತು ಇಡಿ.

ಸಿಂಥಿಯಾ ಫೈಲ್ ಪೋಸ್ಟ್ ಮಾಡಿದರೆ ಎರರ್ ಬರ್ತಿದೆ.

ಇದಕ್ಕೆ ಸಾಮಾನ್ಯವಾಗಿ ಎರಡು ಕಾರಣ. ಒಂದು, ಫೈಲನ್ನು ಬಂಡಲ್ ಎಂಬ ವಿಳಾಸಕ್ಕೆ ಕಳಿಸಿರುತ್ತೀರಿ. ಆ ಫೈಲ್ ಟ್ರಾನ್ಸಾಕ್ಷನ್ ಬಂಡಲ್, ಅಂದರೆ ಹಲವು ರಿಸೋರ್ಸ್‌ಗಳ ಒಂದು ಕಟ್ಟು. ಸರ್ವರ್ ಅದನ್ನು ಬಿಚ್ಚಿ ಒಳಗಿನ ಒಂದೊಂದನ್ನೂ ಅದರದರ ಜಾಗದಲ್ಲಿ ಇಡಬೇಕು. ಹಾಗಾಗಿ ಮೂಲ ವಿಳಾಸಕ್ಕೇ, ಅಂದರೆ ಫೈರ್ ಎಂಬಲ್ಲಿಗೇ ಪೋಸ್ಟ್ ಮಾಡಿ.

ಎರಡನೆಯದು, ಸಾಲು ತಪ್ಪಿರುತ್ತದೆ. ರೋಗಿಯ ಫೈಲ್ ಒಳಗೆ ಇಂಥ ಆಸ್ಪತ್ರೆ, ಇಂಥ ವೈದ್ಯರು ಎಂದು ಗುರುತಿನ ಸಂಖ್ಯೆಯ ಮೂಲಕ ಹೇಳಿರುತ್ತಾರೆ. ಆ ವೈದ್ಯರು ಇನ್ನೂ ಸರ್ವರ್‌ನಲ್ಲಿ ಇಲ್ಲದಿದ್ದರೆ ಯಾರೂ ಸಿಗಲಿಲ್ಲ ಎಂದು ಇಡೀ ಬಂಡಲ್ ವಾಪಸ್ ಬರುತ್ತದೆ. ಅದೇ ಫೋಲ್ಡರ್‌ನಲ್ಲಿ ಹಾಸ್ಪಿಟಲ್ ಇನ್ಫರ್ಮೇಶನ್, ಪ್ರಾಕ್ಟಿಷನರ್ ಇನ್ಫರ್ಮೇಶನ್ ಎಂದು ಶುರುವಾಗುವ ಎರಡು ಫೈಲ್ ಇವೆ. ಮೊದಲು ಆಸ್ಪತ್ರೆ, ಆಮೇಲೆ ವೈದ್ಯರು, ಆಮೇಲೆ ರೋಗಿಗಳು.

ಒಂದೇ ರೋಗಿಯ ಫೈಲನ್ನು ಎರಡು ಸಲ ಕಳಿಸಿದರೆ ಇಬ್ಬರಾಗುತ್ತಾರೆ, ಇದನ್ನೂ ನೆನಪಿಡಿ. ವಯಸ್ಸಾದವರ ಫೈಲ್‌ಗಳು ದೊಡ್ಡವು. ಟೈಮ್‌ಔಟ್ ಬಂದರೆ ಒಂದೊಂದಾಗಿ ಕಳಿಸಿ.

ಸಿಂಥಿಯಾ ರೋಗಿಗಳು ನಮ್ಮ ಜನರ ಹಾಗೆ ಇಲ್ಲವಲ್ಲ?

ಇಲ್ಲ. ಬೇರೆ ಏನೂ ಹೇಳದಿದ್ದರೆ ಅದು ಮ್ಯಾಸಚೂಸೆಟ್ಸ್ ರಾಜ್ಯದ ಜನರನ್ನು ಹುಟ್ಟಿಸುತ್ತದೆ. ವಿಳಾಸ ಅಲ್ಲಿಯದು, ವಿಮೆ ಅಲ್ಲಿಯದು, ಬಿಲ್ ಡಾಲರ್‌ನಲ್ಲಿ. ಸರ್ವರ್ ತುಂಬಿಸಿ ವೇಗ ನೋಡಲು ಅದು ಸಾಕು. ಆದರೆ ನಿಮ್ಮ ಆ್ಯಪ್ ಬಳಸುವವರು ಹಾವೇರಿಯ, ಯಾದಗಿರಿಯ, ಕೊಳ್ಳೇಗಾಲದ ಜನ ಆದರೆ, ಅವರಂಥ ಇಪ್ಪತ್ತೈದು ಮಂದಿಯನ್ನು ಕೈಯಾರೆ ಬರೆದುಕೊಳ್ಳಿ. ಒಂದು ಮಧ್ಯಾಹ್ನದ ಕೆಲಸ. ನನ್ನ ಮಟ್ಟಿಗೆ ಅದರಷ್ಟು ಬಗ್ ಹಿಡಿದುಕೊಟ್ಟ ಕೆಲಸ ಇನ್ನೊಂದಿಲ್ಲ.

ನನ್ನ ಪಟ್ಟಿಯಲ್ಲಿ ಇರುವ ಕೆಲವರನ್ನು ಹೇಳುತ್ತೇನೆ. ಹನುಮವ್ವ ಎಂಬ ಅಜ್ಜಿ ಇದ್ದಾರೆ, ಅಡ್ಡಹೆಸರು ಇಲ್ಲ, ಹುಟ್ಟಿದ ವರ್ಷ ಮಾತ್ರ ಗೊತ್ತು, 1951. ಫೈರ್‌ನಲ್ಲಿ ಜನ್ಮದಿನಕ್ಕೆ ವರ್ಷ ಒಂದನ್ನೇ ಬರೆಯಬಹುದು. ತುಂಬಾ ಆ್ಯಪ್‌ಗಳು ಪೂರ್ತಿ ದಿನಾಂಕ ಕೇಳಿ, ರಿಜಿಸ್ಟ್ರೇಷನ್ ಕೌಂಟರ್‌ನವರು ಜನವರಿ 1 ಎಂದು ತುಂಬಿಬಿಡುತ್ತಾರೆ. ಹಾಗೆ ಬರೆದ ದಿನ ಆಮೇಲೆ ನಿಜವೇ ಆಗಿಬಿಡುತ್ತದೆ, ಯಾರಿಗೂ ಅದು ಊಹೆ ಅಂತ ಗೊತ್ತಾಗುವುದಿಲ್ಲ. ನಿಮ್ಮ ಆ್ಯಪ್ 1951 ಎಂಬ ನಾಲ್ಕೇ ಅಂಕಿಯನ್ನು ಒಪ್ಪಿಕೊಂಡು ವಯಸ್ಸು ತೋರಿಸಬೇಕು.

ಎಸ್. ಎಂ. ಪ್ರಕಾಶ್ ಎಂಬುವರು ಇದ್ದಾರೆ. ಎಸ್ ಊರಿನದು, ಎಂ ಅಪ್ಪನದು. ಇದರಲ್ಲಿ ಫ್ಯಾಮಿಲಿ ನೇಮ್ ಯಾವುದು? ಯಾವುದೂ ಅಲ್ಲ. ಫೈರ್‌ನ ಹೆಸರಿನಲ್ಲಿ ಗಿವನ್, ಫ್ಯಾಮಿಲಿ ಜೊತೆಗೆ ಟೆಕ್ಸ್ಟ್ ಎಂಬ ಜಾಗವೂ ಇದೆ. ಹೇಳಿದ ಹಾಗೆ ಇಡೀ ಹೆಸರನ್ನು ಅಲ್ಲಿ ಬರೆಯಿರಿ. ಫ್ಯಾಮಿಲಿ ಕಡ್ಡಾಯ ಎಂದು ನಿಮ್ಮ ಫಾರ್ಮ್ ಹೇಳುತ್ತಿದ್ದರೆ ಆ ನಿಯಮ ತೆಗೆದುಹಾಕಿ.

ಈಗಷ್ಟೇ ಹುಟ್ಟಿದ ಮಗು ಇದೆ, ನಾಮಕರಣ ಆಗಿಲ್ಲ. ಹೆರಿಗೆ ವಾರ್ಡ್‌ನಲ್ಲಿ ಅದರ ಹೆಸರು ಬೇಬಿ ಆಫ್ ಲಕ್ಷ್ಮಿ. ಅವಳಿ ಮಕ್ಕಳಾದರೆ ಒಂದು, ಎರಡು. ಹೆಸರು ಆಮೇಲೆ ಬದಲಾಗುತ್ತದೆ, ಹಳೆಯ ಲ್ಯಾಬ್ ರಿಪೋರ್ಟ್‌ಗಳು ಅದೇ ಮಗುವಿನ ಜೊತೆ ಉಳಿಯಬೇಕು. ಒಂದೇ ಮೊಬೈಲ್ ನಂಬರ್ ಇರುವ ಐದು ಜನರ ಮನೆಯೂ ಇದೆ. ಮೊಬೈಲ್ ನಂಬರನ್ನೇ ರೋಗಿಯ ಗುರುತಾಗಿ ಹಿಡಿದ ಕೋಡ್ ಅಲ್ಲಿ ಬೀಳುತ್ತದೆ. ಅತ್ತೆಯ ಮಾತ್ರೆ ಸೊಸೆಯ ಪಟ್ಟಿಗೆ ಹೋದರೆ ಅದು ಬರೀ ಬಗ್ ಅಲ್ಲ.

ವಿಳಾಸದ ವಿಷಯ: ಫೈರ್‌ನಲ್ಲಿ ಜಿಲ್ಲೆಗೆ ಜಾಗ ಇದೆ, ತಾಲ್ಲೂಕು, ಹೋಬಳಿಗೆ ಪ್ರತ್ಯೇಕ ಜಾಗ ಇಲ್ಲ. ಲೈನ್ ಎಂಬಲ್ಲಿ ಬರೆಯಬಹುದು ಅಥವಾ ಎಕ್ಸ್‌ಟೆನ್ಶನ್ ಮಾಡಿಕೊಳ್ಳಬಹುದು. ಯಾವುದಾದರೂ ಸರಿ, ತಂಡದವರೆಲ್ಲ ಒಂದೇ ಕಡೆ ಬರೆಯಿರಿ.

ಕನ್ನಡದಲ್ಲಿ ಹೆಸರು ಇಟ್ಟರೆ ಹುಡುಕಾಟ ಸರಿಯಾಗಿ ಆಗುತ್ತಾ?

ಇಡುವುದಕ್ಕೆ ಏನೂ ತೊಂದರೆ ಇಲ್ಲ, ಎಲ್ಲ ಯುಟಿಎಫ್-8. ಒಬ್ಬ ರೋಗಿಗೆ ಎರಡು ಹೆಸರು ಕೊಡಬಹುದು, ಒಂದು ಕನ್ನಡದಲ್ಲಿ, ಇನ್ನೊಂದು ಇಂಗ್ಲಿಷ್ ಅಕ್ಷರದಲ್ಲಿ. ಹಾಗೇ ಮಾಡಿ. ಹುಡುಕುವಾಗ ಮಾತ್ರ ಹುಷಾರು.

ಫೈರ್‌ನ ಹೆಸರಿನ ಹುಡುಕಾಟ ದೊಡ್ಡಕ್ಷರ, ಚಿಕ್ಕಕ್ಷರ, ಅಕ್ಷರದ ಮೇಲಿನ ಸ್ವರಚಿಹ್ನೆ ಇವನ್ನು ಬದಿಗಿಟ್ಟು ಹೋಲಿಸುತ್ತದೆ. ಯುರೋಪಿನ ಹೆಸರುಗಳಿಗೆ ಇದು ಒಳ್ಳೆಯದು. ಆದರೆ ಯೂನಿಕೋಡ್ ಲೆಕ್ಕದಲ್ಲಿ ನಮ್ಮ ಕಾಗುಣಿತದ ಇಳಿ, ಗುಡಿಸು, ಕೊಂಬುಗಳೂ ಅಕ್ಷರಗಳಲ್ಲ, ಅಕ್ಷರಕ್ಕೆ ಅಂಟುವ ಚಿಹ್ನೆಗಳು. ಅಂಟುವ ಚಿಹ್ನೆಗಳನ್ನೆಲ್ಲ ಕಿತ್ತುಹಾಕುವ ಸಾಫ್ಟ್‌ವೇರ್‌ಗೆ ರಾಮ, ರಮಾ, ರಾಮು ಮೂವರೂ ಒಂದೇ ಆಗಿಬಿಡುತ್ತಾರೆ. ನಿಮ್ಮ ಆವೃತ್ತಿ ಏನು ಮಾಡುತ್ತದೆ ಅಂತ ಇವತ್ತೇ ನೋಡಿ: ಈ ಮೂರು ಹೆಸರು ಹಾಕಿ, ಒಂದನ್ನು ಹುಡುಕಿ, ಎಷ್ಟು ಬಂತು ಎಣಿಸಿ. ಜಾಸ್ತಿ ಬಂದರೆ ಪ್ಯಾರಾಮೀಟರ್ ಹೆಸರಿನ ಕೊನೆಗೆ ಕೋಲನ್ ಹಾಕಿ ಎಕ್ಸಾಕ್ಟ್ ಎಂದು ಸೇರಿಸಿ ನೋಡಿ.

ಇನ್ನೆರಡು ಗುಂಡಿಗಳಿವೆ. ಗೋಪಾಲ ಎಂಬ ಹೆಸರಿನ ಓತ್ವವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಬಿಡಿ ತುಂಡುಗಳನ್ನು ಜೋಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರ್‌ಗೆ ಬೇರೆ ಬೇರೆ. ಸೇವ್ ಮಾಡುವ ಮೊದಲು, ತುಂಡುಗಳನ್ನು ಒಂದೇ ಸಂಕೇತವಾಗಿ ಕೂಡಿಸುವ ಎನ್‌ಎಫ್‌ಸಿ ರೂಪಕ್ಕೆ ತಂದುಕೊಂಡರೆ ಈ ಸಮಸ್ಯೆ ಹೋಗುತ್ತದೆ. ಪ್ರೇಮ್‌ಕುಮಾರ್ ಎಂಬಂಥ ಹೆಸರಿನಲ್ಲಿ ಒತ್ತಕ್ಷರ ಆಗದಂತೆ ತಡೆಯಲು ಮಧ್ಯೆ ಕಾಣದ ಒಂದು ಸಂಕೇತ ಕೂತಿರುತ್ತದೆ. ಒಬ್ಬರ ಕೀಬೋರ್ಡ್ ಅದನ್ನು ಹಾಕುತ್ತದೆ, ಇನ್ನೊಬ್ಬರದ್ದು ಹಾಕುವುದಿಲ್ಲ. ಇದು ಎನ್‌ಎಫ್‌ಸಿಯಿಂದ ಹೋಗುವುದಿಲ್ಲ. ತೋರಿಸುವ ಹೆಸರಿನಲ್ಲಿ ಅದು ಇರಲಿ, ಹೋಲಿಸುವಾಗ ಎರಡೂ ಕಡೆಯಿಂದ ತೆಗೆದುಹಾಕಿ.

ಸಂಜೆ ನೋಡಿದ ರೋಗಿ ಬೇರೆ ದಿನದ ಪಟ್ಟಿಯಲ್ಲಿ ಬರ್ತಿದ್ದಾರೆ.

ಕಂಟೇನರ್‌ನ ಗಡಿಯಾರ ಸಾಮಾನ್ಯವಾಗಿ ಯುಟಿಸಿಯಲ್ಲಿ ಇರುತ್ತದೆ, ನಾವು ಅದಕ್ಕಿಂತ ಐದೂವರೆ ಗಂಟೆ ಮುಂದೆ. ಸಮಯ ಬರೆಯುವಾಗ ಯಾವಾಗಲೂ ಕೊನೆಗೆ +05:30 ಸೇರಿಸಿ. ಆದರೆ ಅದನ್ನೇ ಹುಡುಕಾಟದ ವಿಳಾಸದಲ್ಲಿ ಹಾಕಿದಾಗ ಕೂಡುವ ಚಿಹ್ನೆ ಖಾಲಿ ಜಾಗ ಎಂದು ಓದಿಸಿಕೊಳ್ಳುತ್ತದೆ. ಶೇಕಡಾ ಚಿಹ್ನೆ, 2, ಬಿ ಎಂದು ಎನ್‌ಕೋಡ್ ಮಾಡಿ ಕಳಿಸಿ. ಇದಕ್ಕಾಗಿ ನಾನು ಒಂದು ಇಡೀ ದಿನ ಕಳೆದಿದ್ದೇನೆ, ನೀವು ಕಳೆಯಬೇಡಿ.

ಹನುಮವ್ವನ ಜನ್ಮವರ್ಷದ ವಿಷಯವೂ ಇಲ್ಲಿ ಬರುತ್ತದೆ. 1951 ಎಂದರೆ ಆ ವರ್ಷದ ಯಾವ ದಿನವಾದರೂ ಆಗಿರಬಹುದು ಎಂದು ಸರ್ವರ್ ತಿಳಿಯುತ್ತದೆ. ಹಾಗಾಗಿ 1951ರ ಜೂನ್‌ಗಿಂತ ಮೊದಲು ಹುಟ್ಟಿದವರು ಎಂದರೂ ಅವರು ಬರುತ್ತಾರೆ, ನಂತರ ಹುಟ್ಟಿದವರು ಎಂದರೂ ಬರುತ್ತಾರೆ. ಇದು ಸರಿಯಾದ ನಡವಳಿಕೆಯೇ.

101 ಅಂತ ಐಡಿ ಕೊಟ್ಟರೆ ತಗೊಳ್ಳಲ್ಲ. ಅಳಿಸೋಕೂ ಬಿಡಲ್ಲ.

ಬರೀ ಅಂಕಿಯ ಐಡಿಗಳನ್ನು ಹ್ಯಾಪಿ ತನಗೇ ಇಟ್ಟುಕೊಂಡಿದೆ. ನೀವು ಕೊಡುವ ಐಡಿಯಲ್ಲಿ ಒಂದಾದರೂ ಇಂಗ್ಲಿಷ್ ಅಕ್ಷರ ಇರಲಿ. ಅಳಿಸಲು ಹೋದಾಗ 409 ಬಂದರೆ ಆ ರೋಗಿಯನ್ನು ಬೇರೆ ರಿಸೋರ್ಸ್ ತೋರಿಸುತ್ತಿದೆ ಎಂದರ್ಥ, ಮೊದಲು ಅವನ್ನು ಅಳಿಸಬೇಕು. ಅಳಿಸಿದ್ದನ್ನು ಮತ್ತೆ ಕೇಳಿದರೆ 404 ಅಲ್ಲ, 410 ಬರುತ್ತದೆ. ಎಲ್ಲ ಒರೆಸಿ ಹೊಸದಾಗಿ ಶುರು ಮಾಡಬೇಕಾದರೆ ಕಂಪೋಸ್ ಡೌನ್ ಜೊತೆ ಮೈನಸ್ ವಿ ಕೊಡಿ, ವಾಲ್ಯೂಮ್ ಸಮೇತ ಹೋಗುತ್ತದೆ.

ನೂರು ಜನ ಇದ್ದಾರೆ, ಇಪ್ಪತ್ತೇ ಬರ್ತಿದೆ.

ಒಂದು ಪುಟದಷ್ಟೇ ಬಂದಿದೆ. ಉತ್ತರದ ಲಿಂಕ್ ಭಾಗದಲ್ಲಿ ನೆಕ್ಸ್ಟ್ ಎಂಬ ವಿಳಾಸ ಇರುತ್ತದೆ, ಅದು ಇರುವವರೆಗೂ ಹಿಂಬಾಲಿಸಿ. ಆ ವಿಳಾಸವನ್ನು ನೀವೇ ಕಟ್ಟಲು ಹೋಗಬೇಡಿ. ಹೊಸದಾಗಿ ಹಾಕಿದ್ದು ಹುಡುಕಾಟದಲ್ಲಿ ಕಾಣದಿದ್ದರೆ ಹಳೆಯ ಫಲಿತಾಂಶವನ್ನೇ ಸರ್ವರ್ ಮತ್ತೆ ಕೊಟ್ಟಿರಬಹುದು. ಕ್ಯಾಶ್-ಕಂಟ್ರೋಲ್ ಹೆಡರ್‌ನಲ್ಲಿ ನೋ-ಕ್ಯಾಶ್ ಕಳಿಸಿ ನೋಡಿ.

ಬ್ರೌಸರ್‌ನಲ್ಲಿ ಬರುತ್ತೆ, ಆಂಡ್ರಾಯ್ಡ್ ಎಮ್ಯುಲೇಟರ್‌ನಲ್ಲಿ ಬರಲ್ಲ.

ಎಮ್ಯುಲೇಟರ್‌ಗೆ ಲೋಕಲ್‌ಹೋಸ್ಟ್ ಎಂದರೆ ಆ ಎಮ್ಯುಲೇಟರೇ. ನಿಮ್ಮ ಲ್ಯಾಪ್‌ಟಾಪ್ ಅದಕ್ಕೆ 10.0.2.2. ನಿಜವಾದ ಫೋನ್ ಆದರೆ ಯುಎಸ್‌ಬಿ ಹಾಕಿ ಎಡಿಬಿ ರಿವರ್ಸ್ ಕೊಡಿ, ಸರ್ವರನ್ನು ವೈಫೈಗೆ ತೆರೆಯುವ ಅಗತ್ಯವೇ ಬರುವುದಿಲ್ಲ. ಆಂಡ್ರಾಯ್ಡ್ 9ರಿಂದ ಈಚೆಗೆ ಎಚ್‌ಟಿಟಿಪಿಎಸ್ ಅಲ್ಲದ ವಿಳಾಸವನ್ನು ಆ್ಯಪ್ ತಾನಾಗಿ ಒಪ್ಪುವುದಿಲ್ಲ. ಡಿಬಗ್ ಬಿಲ್ಡ್‌ಗೆ ಮಾತ್ರ ವಿನಾಯಿತಿ ಬರೆಯಿರಿ. ಮೊದಲ ಪುಟ ಬಂದು ಎರಡನೆಯದು ಬರದಿದ್ದರೆ ಹ್ಯಾಪಿಯ ಸರ್ವರ್ ಅಡ್ರೆಸ್ ಸೆಟ್ಟಿಂಗ್ ನೋಡಿ. ಅಲ್ಲಿ ಲೋಕಲ್‌ಹೋಸ್ಟ್ ಬರೆದಿದ್ದರೆ ನೆಕ್ಸ್ಟ್ ವಿಳಾಸವೂ ಅದೇ ಆಗಿರುತ್ತದೆ.

ಲಾಗಿನ್ ಕೇಳಲೇ ಇಲ್ಲವಲ್ಲ?

ಕೇಳುವುದಿಲ್ಲ. ನಾವು ಓಡಿಸಿದ ಹ್ಯಾಪಿ ಇಮೇಜ್‌ನಲ್ಲಿ ಲಾಗಿನ್ ವ್ಯವಸ್ಥೆ ತಾನಾಗಿ ಬರುವುದಿಲ್ಲ, ವಿಳಾಸ ಗೊತ್ತಿದ್ದವರಿಗೆಲ್ಲ ಎಲ್ಲವೂ ತೆರೆದಿದೆ. ಅದಕ್ಕೇ 127.0.0.1 ಬಗ್ಗೆ ಅಷ್ಟು ಒತ್ತಿ ಹೇಳಿದ್ದು. ಓಆತ್ 2 ಮೇಲೆ ಕಟ್ಟಿದ ಸ್ಮಾರ್ಟ್ ಆನ್ ಫೈರ್ ಎಂಬ ಪದ್ಧತಿ ಇದೆ. ಅದನ್ನು ಅಭ್ಯಾಸ ಮಾಡಲು ಕೀಕ್ಲೋಕ್ ಎಂಬ ಲಾಗಿನ್ ಸರ್ವರನ್ನು ಇನ್ನೊಂದು ಕಂಟೇನರ್‌ನಲ್ಲಿ ಎಬ್ಬಿಸಿ, ಮಧ್ಯೆ ಟೋಕನ್ ಪರೀಕ್ಷಿಸುವ ಗೇಟ್‌ವೇ ಇಡಿ. ಮೊದಲ ವಾರ ಇದು ಬೇಡ. ಆದರೆ ನಿಮ್ಮ ಕೋಡ್‌ನಲ್ಲಿ ಟೋಕನ್ ಕಳಿಸುವ ಜಾಗವನ್ನು ಮೊದಲ ದಿನದಿಂದಲೇ ಇಟ್ಟುಕೊಳ್ಳಿ.

ಸರ್ವರ್ ಒಪ್ಪಿಕೊಂಡಿತು. ಅಂದ್ರೆ ಡೇಟಾ ಸರಿ ಇದೆ ಅಂತ ತಾನೇ?

ಅಲ್ಲ. ಆನ್ ಮಾಡದಿದ್ದರೆ ಹ್ಯಾಪಿ ಪ್ರೊಫೈಲ್‌ನ, ಅಂದರೆ ಯಾವ ರಿಸೋರ್ಸ್‌ನಲ್ಲಿ ಏನೇನು ಹೇಗಿರಬೇಕು ಎಂದು ಹೇಳುವ ಪಟ್ಟಿಯ, ನಿಯಮಗಳನ್ನೆಲ್ಲ ಪರೀಕ್ಷಿಸುವುದಿಲ್ಲ. ನಮ್ಮ ದೇಶದ ಪ್ರೊಫೈಲ್‌ಗಳನ್ನು ಪುಣೆಯ ಸಿ-ಡ್ಯಾಕ್‌ನಲ್ಲಿರುವ ಎನ್‌ಆರ್‌ಸಿಇಎಸ್ ಎಂಬ ಕೇಂದ್ರ ಪ್ರಕಟಿಸುತ್ತದೆ. ಆ ಪ್ಯಾಕೇಜನ್ನು ಸರ್ವರ್‌ಗೆ ಸೇರಿಸಿ, ವ್ಯಾಲಿಡೇಟ್ ಆಪರೇಷನ್‌ಗೆ ನಿಮ್ಮ ರಿಸೋರ್ಸ್ ಕಳಿಸಿ, ಬಂದ ಆಪರೇಷನ್ ಔಟ್‌ಕಮ್ ಪೂರ್ತಿ ಓದಿ.

ಪ್ರೊಫೈಲ್ ಹಿಡಿಯದ ತಪ್ಪುಗಳೂ ಇವೆ. ಬಿಪಿ ಬರೆಯುವಾಗ ಲಾಯಿಂಕ್ (ಲ್ಯಾಬ್ ಪರೀಕ್ಷೆ, ಅಳತೆಗಳಿಗೆ ಕೊಡುವ ಕೋಡ್‌ಗಳ ಪಟ್ಟಿ) ಕೋಡ್ 85354-9 ಹೊರಗೆ, ಅದರೊಳಗೆ ಮೇಲಿನ ಸಂಖ್ಯೆಗೆ 8480-6, ಕೆಳಗಿನದ್ದಕ್ಕೆ 8462-4. ಇವೆರಡನ್ನು ಅದಲು ಬದಲು ಮಾಡಿದರೂ ಜೇಸನ್ ಸರಿಯಾಗೇ ಇರುತ್ತದೆ, ವ್ಯಾಲಿಡೇಟರ್ ಹಸಿರು ತೋರಿಸುತ್ತದೆ. 80/120 ಎಂದು ಓದುವ ಡಾಕ್ಟರ್ ಮಾತ್ರ ದಂಗಾಗುತ್ತಾರೆ. ಇಂಥದ್ದಕ್ಕೆ ನೀವೇ ಟೆಸ್ಟ್ ಬರೆಯಬೇಕು.

ಆಭಾ (ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್‌ನ ಆರೋಗ್ಯ ಖಾತೆ) ಜೊತೆ ಜೋಡಿಸಬೇಕು. ಲೋಕಲ್ ಸರ್ವರ್ ಸಾಕಾಗುತ್ತಾ?

ಅರ್ಧ ದಾರಿಗೆ ಸಾಕು. 2021ರ ಸೆಪ್ಟೆಂಬರ್ 27ರಂದು ದೇಶಾದ್ಯಂತ ಶುರುವಾದ ಡಿಜಿಟಲ್ ಮಿಷನ್‌ಗೆ ಪರೀಕ್ಷೆಗೆಂದೇ ಪ್ರತ್ಯೇಕ ಸ್ಯಾಂಡ್‌ಬಾಕ್ಸ್ ಇದೆ, ಅಲ್ಲಿ ನೋಂದಾಯಿಸಿಕೊಳ್ಳಬೇಕು. ಔಷಧ ಚೀಟಿ, ಲ್ಯಾಬ್ ರಿಪೋರ್ಟ್, ಡಿಸ್ಚಾರ್ಜ್ ಸಮರಿ ಇವನ್ನೆಲ್ಲ ಡಾಕ್ಯುಮೆಂಟ್ ಬಂಡಲ್ ಆಗಿ ಕಟ್ಟಿ ಕಳಿಸಬೇಕು. ಅದರಲ್ಲಿ ಮೊದಲ ಎಂಟ್ರಿ ಕಾಂಪೊಸಿಷನ್ ಎಂಬ ರಿಸೋರ್ಸ್ ಆಗಿರಲೇಬೇಕು. ಕಟ್ಟುವುದು, ಪರೀಕ್ಷಿಸುವುದು ಇಷ್ಟನ್ನು ಲ್ಯಾಪ್‌ಟಾಪ್‌ನಲ್ಲೇ ಮುಗಿಸಿಕೊಂಡು ಹೋಗಿ.

ತೊಡಕು ಬರುವುದು ಕಾಲ್‌ಬ್ಯಾಕ್‌ನಲ್ಲಿ. ನೀವು ಕೇಳಿದ ಕೂಡಲೇ ಗೇಟ್‌ವೇ 202 ಎಂದಷ್ಟೇ ಹೇಳುತ್ತದೆ, ನಿಜವಾದ ಉತ್ತರ ಆಮೇಲೆ ನಿಮ್ಮ ವಿಳಾಸ ಹುಡುಕಿಕೊಂಡು ಬರುತ್ತದೆ. ನಿಮ್ಮ ಲ್ಯಾಪ್‌ಟಾಪ್‌ಗೆ ಹೊರಗಿನಿಂದ ವಿಳಾಸ ಇಲ್ಲ. ಹಾಗಾಗಿ ಎನ್‌ಗ್ರಾಕ್‌ನಂಥ ಟನಲ್ ಬೇಕಾಗುತ್ತದೆ. ಟನಲನ್ನು ಕಾಲ್‌ಬ್ಯಾಕ್ ಕೇಳುವ ಚಿಕ್ಕ ಸರ್ವಿಸ್‌ಗೆ ಮಾತ್ರ ಕೊಡಿ. ಒಮ್ಮೆ ಅವಸರದಲ್ಲಿ ನಾನು 8080ಕ್ಕೇ ಟನಲ್ ಕೊಟ್ಟು ಊಟಕ್ಕೆ ಹೋಗಿದ್ದೆ. ಬಂದು ನೋಡಿದಾಗ ಲಾಗ್‌ನಲ್ಲಿ ನಾನು ಕಳಿಸದ ರಿಕ್ವೆಸ್ಟ್‌ಗಳಿದ್ದವು. ಒಳಗೆ ಇದ್ದದ್ದು ಹನುಮವ್ವ, ಪ್ರಕಾಶ್ ಮತ್ತು ಹೆಸರಿಲ್ಲದ ಆ ಮಗು ಮಾತ್ರ. ನಿಜವಾದ ಒಬ್ಬರೂ ಇರಲಿಲ್ಲ.

ಟೆಸ್ಟ್‌ಗೆ ಮೊಬೈಲ್ ನಂಬರ್, ಆಭಾ ನಂಬರ್ ಸುಮ್ನೆ ಏನೋ ಒಂದು ಹಾಕಬಹುದಾ?

ಹಾಕಬೇಡಿ. ನೀವು ಬಾಯಿಗೆ ಬಂದ ಹತ್ತು ಅಂಕಿ ಬರೆದರೆ ಅದು ಯಾರದೋ ನಂಬರ್ ಆಗಿರಬಹುದು. ಎಸ್‌ಎಂಎಸ್ ಆನ್ ಇದ್ದರೆ, ನಿಮ್ಮ ಎಚ್‌ಐವಿ ರಿಪೋರ್ಟ್ ಸಿದ್ಧವಾಗಿದೆ ಎಂಬ ಪರೀಕ್ಷಾ ಸಂದೇಶ ಗೊತ್ತಿಲ್ಲದ ಯಾರದೋ ಮನೆಗೆ ಹೋಗುತ್ತದೆ. ಲೋಕಲ್‌ನಲ್ಲಿ ಎಸ್‌ಎಂಎಸ್ ಕಳಿಸುವ ಭಾಗ ಬರೀ ಲಾಗ್‌ಗೆ ಬರೆಯಲಿ, ಗೇಟ್‌ವೇ ಕೀ ಅಲ್ಲಿ ಇರಲೇಬಾರದು. 14 ಅಂಕಿಯ ಆಭಾ ಸಂಖ್ಯೆಯನ್ನೂ ಊಹಿಸಿ ಬರೆಯಬೇಡಿ. ಸ್ಯಾಂಡ್‌ಬಾಕ್ಸ್‌ನಲ್ಲಿ ಪಡೆದದ್ದನ್ನೇ ಬಳಸಿ. ಅಲ್ಲಿಯ ಆಭಾ ವಿಳಾಸದ ಕೊನೆಗೆ ಎಸ್‌ಬಿಎಕ್ಸ್ ಎಂದು ಇರುತ್ತದೆ, ನೋಡಿದ ಕೂಡಲೇ ಗೊತ್ತಾಗುತ್ತದೆ.

ತಂಡದಲ್ಲಿ ನಾಲ್ಕು ಜನ ಇದ್ದೇವೆ. ಎಲ್ಲರ ಹತ್ತಿರ ಒಂದೇ ಡೇಟಾ ಇರಬೇಕಲ್ಲ?

ಕಂಪೋಸ್ ಫೈಲ್, ಕೈಯಾರೆ ಬರೆದ ಇಪ್ಪತ್ತೈದು ರೋಗಿಗಳು, ಅವರನ್ನು ಹಾಕುವ ಸ್ಕ್ರಿಪ್ಟ್ ಮೂರನ್ನೂ ಗಿಟ್‌ನಲ್ಲಿ ಇಡಿ. ರೋಗಿಗಳನ್ನು ಪೋಸ್ಟ್ ಬದಲು ಪುಟ್‌ನಿಂದ, ಗೊತ್ತಿರುವ ಐಡಿ ಕೊಟ್ಟು ಹಾಕಿ. ಹತ್ತು ಸಲ ಓಡಿಸಿದರೂ ಒಬ್ಬರು ಇಬ್ಬರಾಗುವುದಿಲ್ಲ. ಹ್ಯಾಪಿ ಇಮೇಜ್‌ಗೆ ಲೇಟೆಸ್ಟ್ ಎಂದು ಬರೆಯದೆ ಆವೃತ್ತಿ ಸಂಖ್ಯೆ ಬರೆಯಿರಿ. ಪಾಸ್‌ವರ್ಡ್‌ಗಳು ಎನ್ವ್ ಫೈಲ್‌ನಲ್ಲಿ ಇರಲಿ, ಅದು ಗಿಟ್‌ಗೆ ಹೋಗಬಾರದು.

ಆಮೇಲೆ ಫೀಲ್ಡ್‌ನಿಂದ ಯಾರಾದರೂ ಬಗ್ ಹೇಳಿದಾಗ, ಆ ರೋಗಿಯ ದಾಖಲೆ ಕಳಿಸಿ ಎಂದು ಕೇಳಬೇಡಿ. ಅವರ ದಾಖಲೆಯಲ್ಲಿ ಏನು ವಿಶೇಷ ಇತ್ತು ಎಂದು ಫೋನ್‌ನಲ್ಲಿ ಕೇಳಿ ತಿಳಿದುಕೊಳ್ಳಿ, ಅಂಥದ್ದೇ ಇಪ್ಪತ್ತಾರನೆಯವರನ್ನು ಬರೆದು ಪಟ್ಟಿಗೆ ಸೇರಿಸಿ. ನಮ್ಮ ಪಟ್ಟಿ ಈಗ ಅರವತ್ತು ದಾಟಿದೆ.